ಮುರುಗಲ ಬೀಜ ಎಸೆಯಬೇಡಿ, ತುಪ್ಪ ತೆಗೆಯಿರಿ

ಪಶ್ಚಿಮ ಘಟ್ಟದ ಕಾಡಿನಲ್ಲಿ ಏಪ್ರಿಲ್, ಮೇ ಎಂದರೆ ಮುರುಗಲ ಹಣ್ಣಿನ ಕಾಲ. ಕರಾವಳಿಯ ಪುನರ್ಪುಳಿಯೂ ಇದೇ. ತಿರುಳು, ಸಿಪ್ಪೆಯಿಂದ ಶರಬತ್ತು, ಸಾರು ಮಾಡುತ್ತೇವೆ. ಒಣಸಿಪ್ಪೆ ವರ್ಷವಿಡೀ ಹುಳಿಗೆ ಆಗುತ್ತದೆ. ಬೀಜ ಮಾತ್ರ ಸುಮ್ನೆ ತಿಪ್ಪೆ ಸೇರುತ್ತದೆ. ಮರದ ಅತ್ಯಂತ ಬೆಲೆಬಾಳುವ ಭಾಗವನ್ನೇ ಹೀಗೆ ಕಳೆದುಕೊಳ್ಳುತ್ತಿದ್ದೇವೆ ಅನ್ನುವುದು ನನ್ನ ಬೇಸರ. ಒಣಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬೇ ಇರುತ್ತದೆ! ಆ ಕೊಬ್ಬನ್ನು ತೆಗೆದರೆ ಅದೇ ಮುರುಗಲ ತುಪ್ಪ.

ಮೊದಲು ಬೀಜಕ್ಕೆ ಅಂಟಿದ ತಿರುಳು ಹೋಗುವಂತೆ ಉಜ್ಜಿ ತೊಳೆಯಿರಿ. ಗಟ್ಟಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಇದರಲ್ಲಿ ಅವಸರ ಬೇಡ, ತೇವ ಉಳಿದರೆ ಬೂಸಲು ಹಿಡಿಯುತ್ತದೆ. ಆದರೆ ಮಳೆಗಾಲ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ.

ಒಣಗಿದ ಬೀಜದ ಹೊಟ್ಟು ತೆಗೆದು, ಒರಳಲ್ಲಿ ನುಣ್ಣಗೆ ಕುಟ್ಟಿ. ದಪ್ಪ ತಳದ ಪಾತ್ರೆಗೆ ಪುಡಿ ಹಾಕಿ, ಅದು ಮುಳುಗಿ ಮೇಲೆ ಒಂದಿಷ್ಟು ನಿಲ್ಲುವಷ್ಟು ನೀರು ಹಾಕಿ ಕುದಿಸಿ. ಆಗಾಗ ಕೈಯಾಡಿಸಿ. ಜಿಡ್ಡು ನಿಧಾನಕ್ಕೆ ಮೇಲೆ ತೇಲಿ ಬರುತ್ತದೆ. ಒಲೆ ಆರಿಸಿ, ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ನೀರಿನ ಮೇಲೆ ಗಟ್ಟಿಯಾದ ಪದರ ಸಿಗುತ್ತದೆ. ಅದನ್ನು ಎತ್ತಿ, ಸಣ್ಣ ಉರಿಯಲ್ಲಿ ನೀರಿನಂಶ ಆರುವ ತನಕ ಕಾಯಿಸಿ, ಬಟ್ಟೆಯಲ್ಲಿ ಸೋಸಿ. ಆರುತ್ತಿರುವಾಗಲೇ ಉಂಡೆ ಕಟ್ಟಿ ಇಡಬಹುದು. ಮೊದಲ ಸಲ ಸ್ವಲ್ಪವೇ ಬಂದರೂ ಬೇಸರ ಬೇಡ, ಪುಡಿ ನುಣ್ಣಗಾದಷ್ಟೂ ತುಪ್ಪ ಜಾಸ್ತಿ.

ಈ ತುಪ್ಪ ಸಾಮಾನ್ಯ ಸೆಕೆಗೆ ಕರಗುವುದಿಲ್ಲ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕೇ ಹಚ್ಚುವಾಗ ಚೂರು ಬಿಸಿ ಮಾಡಿಕೊಳ್ಳಬೇಕು. ಮಲೆನಾಡಿನಲ್ಲಿ ಒಡೆದ ಹಿಮ್ಮಡಿಗೆ ಇದೇ ಮದ್ದು. ರಾತ್ರಿ ಕಾಲು ತೊಳೆದು, ಒರೆಸಿ, ಬಿರುಕಿನೊಳಗೆ ಇಳಿಯುವಂತೆ ಹಚ್ಚಿ ಮಲಗುತ್ತಾರೆ. ಚಳಿಗೆ ಒಡೆದ ತುಟಿಗೂ ಆಗುತ್ತದೆ. ರಕ್ತ ಬರುವಷ್ಟು ಆಳದ ಬಿರುಕಿದ್ದರೆ ಅಥವಾ ಸಕ್ಕರೆ ಕಾಯಿಲೆಯಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಪಿತ್ತದ ಗಂಧೆ ಎದ್ದಾಗ ಸಿಪ್ಪೆ ನೆನೆಸಿದ ನೀರು ಕುಡಿಯುವ ರೂಢಿಯೂ ಇದೆ.

ಸಸಿ ಮಾಡುವ ಆಸೆಯಿದ್ದರೆ ನಾಲ್ಕು ಬೀಜವನ್ನು ಒಣಗಿಸುವ ಮೊದಲೇ ತೆಗೆದು ಬಿತ್ತಿ, ಪೂರ್ತಿ ಒಣಗಿದ್ದು ಹುಟ್ಟುವುದು ಕಷ್ಟ. ಮುರುಗಲಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ಗಂಡಾದರೆ ಹಣ್ಣಿಲ್ಲ. ಹಣ್ಣು ಬೇಕೇಬೇಕು ಎನ್ನುವವರು ಹೆಣ್ಣು ಮರದಿಂದ ಮಾಡಿದ ಕಸಿ ಗಿಡವನ್ನೇ ನೆಡುವುದು ಒಳ್ಳೆಯದು.