ಬಿಹಾರದಲ್ಲಿ ಮಗನಿಗೆ ಅಗ್ರಿ ಸೀಟು: ನನ್ನ ಅನುಭವ

ಮಗ ಈಗ ಎರಡನೇ ವರ್ಷದ ಬಿಎಸ್ಸಿ ಅಗ್ರಿ. ಓದ್ತಿರೋದು ಬಿಹಾರದ ಪೂಸಾದಲ್ಲಿ, ರಾಜೇಂದ್ರ ಪ್ರಸಾದ್ ಕೇಂದ್ರೀಯ ಕೃಷಿ ವಿ.ವಿ.ಯಲ್ಲಿ. ಫೀಸು, ಹಾಸ್ಟೆಲ್ಲು, ಮೆಸ್ಸು, ರೈಲು ಎಲ್ಲಾ ಸೇರಿ ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಲಕ್ಷ ಬೀಳುತ್ತೆ. ನಮ್ಮ ಭಾಮೈದ ಆಗ ಮನೆಗೇ ಬಂದು ಜಗಳ ಆಡಿದ್ದ. "ಭಾವ, ಅಲ್ಲಿಯವರು ಕೆಲಸ ಹುಡುಕ್ಕೊಂಡು ಇಲ್ಲಿಗೆ ಬರ್ತಾರೆ, ನೀವು ಹುಡುಗನ್ನ ಅಲ್ಲಿಗೆ ಕಳಿಸ್ತೀರಾ?" ಅಂತ. ಮಂಡ್ಯದಲ್ಲಿ ಕಬ್ಬು ನಂಬಿಕೊಂಡಿರೋ ಮನೆಯಲ್ಲಿ ಈ ಲೆಕ್ಕ ಹೊಂದಿಸಿದ್ದೇ ದೊಡ್ಡ ವಿಷಯ, ಸ್ವಲ್ಪ ಕೊಚ್ಚಿಕೊಂಡರೆ ತಪ್ಪಿಲ್ಲ ಬಿಡಿ.

ಮೊದಲ ಆಸೆ ಎಲ್ಲರ ಹಾಗೆ ಮಂಡ್ಯದ್ದೇ ಕೃಷಿ ಕಾಲೇಜು, ವಿ.ಸಿ. ಫಾರಂ. ಸಿಇಟಿ ಬರೆಸಿದೆ, ಕೃಷಿಕರ ಕೋಟಾದ ಪ್ರಾಕ್ಟಿಕಲ್ಲೂ ಕೊಡಿಸಿದೆ. ರ‍್ಯಾಂಕು ಸಾಲಲಿಲ್ಲ. ಆಮೇಲೆ ಒಬ್ಬ ಏಜೆಂಟ್ ಸಿಕ್ಕ. ಪಕ್ಕದ ರಾಜ್ಯದ ಒಂದು ಖಾಸಗಿ ಕಾಲೇಜಿಗೆ ನಾಲ್ಕು ವರ್ಷದ ಪ್ಯಾಕೇಜು ಎಂಟು ಲಕ್ಷದ ಮೇಲೆ ಅಂದ, ಸೀಟು ಹಿಡಿಯೋಕೆ ಅಂತ ಹತ್ತು ಸಾವಿರ ಇಸ್ಕೊಂಡ. ಆ ಕಾಲೇಜಿಗೆ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಅಕ್ರೆಡಿಟೇಶನ್ನೇ, ಅಂದರೆ ಮಾನ್ಯತೆಯೇ ಇರಲಿಲ್ಲ. ಅದಿಲ್ಲದ ಕಡೆ ಡಿಗ್ರಿ ಮಾಡಿದರೆ ಮುಂದೆ ಐಸಿಎಆರ್ ಮೂಲಕ ಎಂಎಸ್ಸಿಗೆ ಹೋಗೋಕೆ ಬಾಗಿಲು ಮುಚ್ಚಿದ ಹಾಗೆ. ಹತ್ತು ಸಾವಿರ ಇವತ್ತಿನವರೆಗೂ ವಾಪಸ್ ಬಂದಿಲ್ಲ.

ಪುಣ್ಯಕ್ಕೆ ಸಿಯುಇಟಿಯನ್ನೂ (ಕೇಂದ್ರೀಯ ವಿ.ವಿ.ಗಳ ಪ್ರವೇಶ ಪರೀಕ್ಷೆ) ಬರೆಸಿದ್ದೆ. 2023ರಿಂದ ಐಸಿಎಆರ್‌ನ ಡಿಗ್ರಿ ಸೀಟುಗಳು ಇದರ ಅಂಕದ ಮೇಲೇ. ರಾಜ್ಯಗಳ ಕೃಷಿ ವಿ.ವಿ.ಗಳಲ್ಲಿ ಶೇ. 20 ಸೀಟು ಹೊರಗಿನವರಿಗೂ ಸಿಗುತ್ತೆ ಅನ್ನೋದು ನಿಮಗೆಲ್ಲ ಗೊತ್ತು. ನಮ್ಮವರು ಅದರಲ್ಲಿ ಕೊಯಮತ್ತೂರು, ಹೈದರಾಬಾದ್, ತ್ರಿಶೂರು ಅಂತ ಹತ್ತಿರದ್ದನ್ನೇ ಹಾಕ್ತಾರೆ, ಅಲ್ಲೇ ನೂಕುನುಗ್ಗಲು. ಆದರೆ ಪೂಸಾ ಮತ್ತು ಝಾನ್ಸಿಯ ಕೇಂದ್ರೀಯ ಕೃಷಿ ವಿ.ವಿ.ಗಳಲ್ಲಿ, ಕರ್ನಾಲ್‌ನ ಡೈರಿ ಸಂಶೋಧನಾ ಸಂಸ್ಥೆ ಎನ್‌ಡಿಆರ್‌ಐನಲ್ಲಿ ಅಷ್ಟೂ ಸೀಟು ಐಸಿಎಆರ್ ಕೌನ್ಸೆಲಿಂಗ್‌ನಲ್ಲೇ ತುಂಬೋದು. ನಾನು ಹಿಡಿದಿದ್ದು ಇದನ್ನೇ. ಆಪ್ಷನ್‌ಗಳನ್ನ ಯಾವ ಕ್ರಮದಲ್ಲಿ ಹಾಕಿದೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ತಂಗಿ ಮಗಳು ಮುಂದಿನ ವರ್ಷ ಬರೀತಾಳೆ, ಕ್ಷಮಿಸಿ.

ಇನ್ನೊಂದು ಲಾಭ ಇದೆ, ಇದನ್ನ ಹೇಳಿಬಿಡ್ತೀನಿ. ಐಸಿಎಆರ್ ಸೀಟಲ್ಲಿ ಸ್ವಂತ ರಾಜ್ಯ ಬಿಟ್ಟು ಓದೋರಿಗೆ ನ್ಯಾಷನಲ್ ಟ್ಯಾಲೆಂಟ್ ಸ್ಕಾಲರ್‌ಶಿಪ್ ಅಂತ ಇದೆ, ತಿಂಗಳಿಗೆ 2,000 ರೂಪಾಯಿ. ಅಂಕ ಕಾಪಾಡಿಕೊಂಡರೆ ಮೆಸ್ ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ ಅದರಲ್ಲೇ ಹೋಗುತ್ತೆ. ವಿ.ಸಿ. ಫಾರಂ ಸಿಕ್ಕಿದ್ದರೆ ಇದು ಸಿಕ್ತಿರಲಿಲ್ಲ.

ಸರ್ಟಿಫಿಕೇಟಿನದೇ ದೊಡ್ಡ ರಾಮಾಯಣ. ನಮ್ಮ ರಾಜ್ಯದ 2ಎ, 3ಎ ಐಸಿಎಆರ್ ಸೀಟಿಗೆ ಲೆಕ್ಕಕ್ಕಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ನಾನ್ ಕ್ರೀಮಿ ಲೇಯರ್ ಮಾಡಿಸಿ. ಕೌಂಟರಿನಲ್ಲಿ ರಾಜ್ಯದ್ದನ್ನೇ ಪ್ರಿಂಟ್ ತೆಗೆದು ಕೊಟ್ಟರು, ನಾನು ಕೇಂದ್ರದ ನಮೂನೆಯ ಹಾಳೆ ಮುಂದಿಟ್ಟು ಅಲ್ಲೇ ನಿಂತುಬಿಟ್ಟೆ. ಊಟದ ಹೊತ್ತು ಮೀರಿತು, ಆದರೂ ಕೈಗೆ ತಗೊಂಡೇ ಹೊರಟೆ.

ಮಧ್ಯೆ ಪಕ್ಕದ ಮನೆ ಹುಡುಗಿಗೂ ಹುಡುಕಿದೆ, ಅವಳಿಗೆ ಬೇಕಿದ್ದು ಬರೀ ಸೈನ್ಸ್. ನಮ್ಮದೇ ರಾಜ್ಯದ ಕೇಂದ್ರೀಯ ವಿ.ವಿ. ಇರೋದು ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿ. ಮಂಡ್ಯದಿಂದ ನೋಡಿದರೆ ತಮಿಳುನಾಡಿನ ತಿರುವಾರೂರಿನ ಕೇಂದ್ರೀಯ ವಿ.ವಿ.ಯೇ ಹತ್ತಿರ. ಮಯಿಲಾಡುದುರೈ ಕಡೆ ಹೋಗೋ ರೈಲಿಗೆ ಸಂಜೆ ಹತ್ತಿದರೆ ಬೆಳಿಗ್ಗೆ ಆ ಕಡೆ. ಕಾವೇರಿ ನೀರು ಹೋಗೋ ಕಡೆಗೇ ಹುಡುಗಿಯನ್ನೂ ಕಳಿಸಬೇಕಾ ಅಂತ ಅವಳ ತಾತ ತಕರಾರು ತೆಗೆದರು. ಆ ಕೆಲಸ ಅಲ್ಲಿಗೇ ನಿಂತಿತು.

ಪೂಸಾ ಬಗ್ಗೆ ಭಾಮೈದನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ದೆಹಲಿಯ ದೊಡ್ಡ ಕೃಷಿ ಸಂಶೋಧನಾ ಸಂಸ್ಥೆ 1905ರಲ್ಲಿ ಶುರುವಾಗಿದ್ದೇ ಅಲ್ಲಿ. 1934ರ ಭೂಕಂಪದಲ್ಲಿ ಕಟ್ಟಡ ಹಾಳಾಗಿ ದೆಹಲಿಗೆ ಹೋಯಿತು, ಹೆಸರು ಮಾತ್ರ ಪೂಸಾ ಅಂತಲೇ ಉಳೀತು. ಕಬ್ಬಿನ ಸಂಶೋಧನೆಗೇ ಅಲ್ಲಿ ಒಂದು ಸಂಸ್ಥೆ ಇದೆ. ಮಂಡ್ಯದ ಹುಡುಗನಿಗೆ ಇನ್ನೇನು ಬೇಕು?

ಊಟ ಕಷ್ಟ. ಮೂರು ಹೊತ್ತೂ ಆಲೂಗಡ್ಡೆ. ರಾಗಿ ಹಿಟ್ಟು ಕಟ್ಟಿ ಕಳಿಸ್ತೀವಿ, ಕೆಟಲಿನಲ್ಲಿ ಮುದ್ದೆ ಮಾಡೋಕೆ ಹೋಗಿ ಕಾಯಿಲ್ ಸುಟ್ಟುಕೊಂಡ, ಈಗ ಅಂಬಲಿಗೆ ಇಳಿದಿದ್ದಾನೆ. ಜನವರಿಯ ಮಂಜು, ಚಳಿ ಅಂದರೆ ನಮ್ಮ ಸ್ವೆಟರ್ ಏನಕ್ಕೂ ಸಾಲದು. ರಜಾಯಿ ಅಲ್ಲೇ ಕೊಂಡುಕೊಳ್ಳಿ, ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ.

ಹೋಗೋದು ಸುಲಭ. ಮೈಸೂರಿನಿಂದ ಬಾಗ್ಮತಿ ಎಕ್ಸ್‌ಪ್ರೆಸ್, ವಾರಕ್ಕೊಂದೇ. ಶುಕ್ರವಾರ ಹತ್ತಿದರೆ ಭಾನುವಾರ ಸಮಸ್ತಿಪುರ, ಅಲ್ಲಿಂದ ಆಟೋ. ಸ್ಲೀಪರ್ ಸಾವಿರದ ಆಸುಪಾಸು. ದೀಪಾವಳಿಗೆ ಬಂದವರು ವಾಪಸ್ ಹೋಗೋ ಟಿಕೆಟ್ಟನ್ನ 60 ದಿನದ ಬುಕಿಂಗ್ ತೆರೆದ ಬೆಳಿಗ್ಗೆಯೇ ಮಾಡಿಸಿ. ಅದೇ ವಾರ ಛಠ್ ಹಬ್ಬ, ಬೆಂಗಳೂರಲ್ಲಿ ಕೆಲಸ ಮಾಡೋ ಬಿಹಾರಿಗಳೆಲ್ಲ ಅದೇ ಗಾಡಿಗೆ ಬರ್ತಾರೆ.