ಸಾವನದುರ್ಗ, ಕತ್ತಲೆ ಪೆಟ್ಟಿಗೆ, ಬೂದು ಮಸಿ

ಇಂಗ್ಲಿಷ್ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ 1786ರಲ್ಲಿ ಕಲ್ಕತ್ತಾಕ್ಕೆ ಬಂದರು. ಆಮೇಲೆ ವರ್ಷಗಟ್ಟಲೆ ದೇಶ ಸುತ್ತಿ ಚಿತ್ರ ಬರೆದರು, 1792ರಲ್ಲಿ ನಮ್ಮ ಮೈಸೂರು ಸೀಮೆಗೂ ಬಂದರು. ಅವರ ಸಾಮಾನಿನಲ್ಲಿ ಒಂದು ಕ್ಯಾಮೆರಾ ಅಬ್ಸ್ಕ್ಯೂರಾ ಇತ್ತು. ಫಿಲಂ ಇಲ್ಲದ ಕ್ಯಾಮೆರಾ ಅನ್ನಿ. ಅದರಲ್ಲಿ ಮೂಡಿದ ದೃಶ್ಯದ ಮೇಲೇ ಪೆನ್ಸಿಲ್ ಆಡಿಸುವುದು. ಹಾಗೇ ಮಾಗಡಿ ಹತ್ತಿರದ ಸಾವನದುರ್ಗ ಬೆಟ್ಟವನ್ನು, ಅದರ ಮೇಲಿನ ಕೋಟೆಯನ್ನು ಬರೆಯಬೇಕು ಅಂತ ನನಗೆ ಬಹಳ ಆಸೆ ಇತ್ತು. 1791ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಈ ಕೋಟೆ ಹಿಡಿದಾಗ ಸರ್ವೇಯರ್ ಕೋಲ್‌ಬ್ರೂಕ್ ಬರೆದ ಚಿತ್ರ ನೋಡಿದ ಮೇಲಂತೂ ಸುಮ್ನೆ ಕೂರಲು ಆಗಲಿಲ್ಲ.

ಪೆಟ್ಟಿಗೆ ಮಾಡುವುದು ಕಷ್ಟವೇನಲ್ಲ. ರಟ್ಟಿನ ಡಬ್ಬಿ, ಒಳಗೆಲ್ಲ ಕಪ್ಪು ಬಣ್ಣ, ಮುಂದೆ ಭೂತಗನ್ನಡಿ, ಹಿಂದೆ 45 ಡಿಗ್ರಿಗೆ ಓರೆಯಾಗಿ ನಿಲ್ಲಿಸಿದ ಕನ್ನಡಿ, ಮೇಲೆ ಗಾಜು, ಗಾಜಿನ ಮೇಲೆ ಟ್ರೇಸಿಂಗ್ ಪೇಪರ್. ತಲೆ ಮೇಲೆ ದಪ್ಪ ಕಪ್ಪು ಬಟ್ಟೆ ಹೊದ್ದುಕೊಳ್ಳದಿದ್ದರೆ ಏನೂ ಕಾಣುವುದಿಲ್ಲ. ಸೂರ್ಯ ಬೆನ್ನ ಹಿಂದಿರುವಾಗಲೇ ಕೂರಬೇಕು, ಬಂಡೆಯ ಅಂಚು ಆಗ ಚೆನ್ನಾಗಿ ಮೂಡುತ್ತದೆ. ಚಿತ್ರ ನೆಟ್ಟಗೇ ಕಾಣುತ್ತದೆ, ಆದರೆ ಎಡ ಬಲ ಅದಲು ಬದಲು. ಸಾವನದುರ್ಗಕ್ಕೆ ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಗುಡ್ಡ; ಕರಿಗುಡ್ಡ ಇರಬೇಕಾದ ಕಡೆ ಬಿಳಿಗುಡ್ಡ! ಟ್ರೇಸಿಂಗ್ ಪೇಪರನ್ನು ಮಗುಚಿ ಹಾಕಿ ಒಳ್ಳೆ ಕಾಗದಕ್ಕೆ ಇಳಿಸಿಕೊಂಡರೆ ಸರಿಹೋಗುತ್ತದೆ.

ಅಳತೆ ಕರಾರುವಾಕ್ಕಾಗಿ ಸಿಗುತ್ತದೆ, ಆದರೆ ಬೆಟ್ಟದ ಗಾತ್ರ ಹೋಗಿಬಿಡುತ್ತದೆ. ನನ್ನ ಲೆನ್ಸಿನ ನಾಭಿದೂರ, ಅಂದರೆ ದೂರದ ದೃಶ್ಯ ಸ್ಪಷ್ಟವಾಗಿ ಮೂಡಲು ಲೆನ್ಸಿನಿಂದ ಬೇಕಾದ ದೂರ, 20 ಸೆಂಟಿಮೀಟರ್. ಎರಡು ಕಿಲೋಮೀಟರ್ ಆಚೆ 400 ಮೀಟರ್ ಎತ್ತರದ ಬೆಟ್ಟವಿದ್ದರೆ ಗಾಜಿನ ಮೇಲೆ ಬರೋದು ಬರೀ ನಾಲ್ಕು ಸೆಂಟಿಮೀಟರ್. ಅಷ್ಟು ದೊಡ್ಡ ಒಂಟಿ ಬಂಡೆ ದಿಬ್ಬದ ಹಾಗೆ ಕಾಣುತ್ತದೆ. ಡೇನಿಯಲ್‌ಗಳ ಚಿತ್ರಗಳಲ್ಲಿ ಮುಂದುಗಡೆ ಪುಟ್ಟ ಪುಟ್ಟ ಜನ, ದನ ಯಾಕೆ ಅಷ್ಟೊಂದು ಅಂತ ನನಗೆ ಅರ್ಥವಾದದ್ದು ಇಲ್ಲೇ. ನಾನೂ ಕೆಳಗೆ ಮೇಕೆ ಕಾಯುವವರನ್ನು ಇರುವೆಯಷ್ಟು ಬರೆದೆ, ಬೆಟ್ಟ ತಕ್ಷಣ ಎದ್ದು ನಿಂತಿತು. ಇದು ಮೋಸ ಅಲ್ಲ, ಕಣ್ಣು ಕಂಡದ್ದನ್ನು ವಾಪಸ್ ಕೊಡೋದು ಅಂತಲೇ ನನ್ನ ನಂಬಿಕೆ.

ಬಣ್ಣವನ್ನು ಅಲ್ಲೇ ಹಚ್ಚಲಿಲ್ಲ. 'ಇಲ್ಲಿ ತುಕ್ಕಿನ ಕೆಂಪು', 'ಇಲ್ಲಿ ನೀರು ಹರಿದ ಕಪ್ಪು ಪಟ್ಟೆ' ಅಂತ ರೇಖೆಗಳ ಮಧ್ಯೆ ಗುರುತು ಮಾಡಿಕೊಂಡೆ. ಮನೆಯಲ್ಲಿ ಇಂಡಿಯನ್ ಇಂಕಿಗೆ ಜಾಸ್ತಿ ನೀರು ಬೆರೆಸಿ ಮೊದಲು ದೂರದ ಗುಡ್ಡ, ಒಣಗಿದ ಮೇಲೆ ಹತ್ತಿರದ್ದು, ಹೀಗೆ ಬೂದು ಪದರ ಕಟ್ಟಿದೆ. ಅದರ ಮೇಲೆ ತೆಳ್ಳಗೆ ನೀರುಬಣ್ಣ. ಕೆಳಗಿನ ಬೂದು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ.

ಮರಗಳಿಗೆ ಮಾತ್ರ ಪೆಟ್ಟಿಗೆ ಬೇಡ. ಗಾಳಿಗೆ ಎಲೆ ಒಂದು ಕಡೆ ನಿಲ್ಲುವುದಿಲ್ಲ, ಬಟ್ಟೆಯಿಂದ ಹೊರಗೆ ಬಂದು ಕಣ್ಣಿನಿಂದಲೇ ನೋಡಿ ಬರೆಯಿರಿ.