‘ಅಷ್ಟೇ’ ಅಂದ ಮೇಲೆ ಹತ್ತು ಎಣಿಸುತ್ತೇನೆ

ನಾನು ಆಪ್ತ ಸಮಾಲೋಚಕಿ. ಹದಿನಾಲ್ಕು ವರ್ಷದಿಂದ ಹಾಸನ, ಆಲೂರು, ಸಕಲೇಶಪುರ ಅಂತ ಓಡಾಡುತ್ತಿದ್ದೇನೆ. ನನ್ನ ಎದುರು ಬಂದು ಕೂತವರಲ್ಲಿ ಎಷ್ಟೋ ಜನ ಶುರು ಮಾಡುವುದು ಒಂದೇ ಮಾತಿನಿಂದ. "ಏನಿಲ್ಲ ಮೇಡಂ, ರಾತ್ರಿ ಹೊತ್ತು ನಿದ್ದೆ ಬರಲ್ಲ, ಅಷ್ಟೇ."

ಈ ‘ಅಷ್ಟೇ’ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಕೆಲಸಕ್ಕೆ ಹೊಸದಾಗಿ ಸೇರಿದ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಸಿಕ್ಕಾಗೆಲ್ಲ ಕೇಳುತ್ತಾರೆ, "ಅಂಥವರಿಗೆ ಏನು ಹೇಳಬೇಕು ಅಕ್ಕ?" ಅಂತ. ನನಗೂ ಮೊದಲು ಅದೇ ಚಿಂತೆ ಇತ್ತು. ಏನು ಹೇಳಬೇಕು ಅನ್ನುವ ಅವಸರದಲ್ಲೇ ಒಬ್ಬರನ್ನು ಕಳೆದುಕೊಂಡೆ.

ಅದು ಮೊದಲನೇ ವರ್ಷ. ಶಾಂತಿಗ್ರಾಮದ ಕಡೆಯ ಆಲೂಗಡ್ಡೆ ಬೆಳೆಗಾರರೊಬ್ಬರು ಬಂದಿದ್ದರು. (ಯಾರಿಗೂ ಗುರುತು ಸಿಗಬಾರದು ಅಂತ ಇಲ್ಲಿ ಊರು, ವಿವರ ಬದಲಿಸಿದ್ದೇನೆ.) ಅಂಗಮಾರಿ ಬಂದು ಬೆಳೆ ಹೋಗಿತ್ತು. ಬಿತ್ತನೆಗೆ ಮಾಡಿದ ಸಾಲ ಹಾಗೇ ಇತ್ತು. "ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ" ಅಂದರು. ನಾನು ತಕ್ಷಣ, "ತಲೆ ಕೆಡಿಸಿಕೊಳ್ಳಬೇಡಿ ಅಣ್ಣ, ಧೈರ್ಯ ತಗೊಳ್ಳಿ, ಎಲ್ಲಾ ಸರಿ ಹೋಗುತ್ತೆ" ಅಂದೆ. ಆಮೇಲೆ ಇದಕ್ಕೆ ಖಿನ್ನತೆ ಅಂತಾರೆ ಅಂತ ವಿವರಿಸಿ, ಕೈಗೆ ಒಂದು ಕರಪತ್ರ ಕೊಟ್ಟೆ. ಅವರು ಎಲ್ಲದಕ್ಕೂ ತಲೆ ಆಡಿಸಿದರು. ಮತ್ತೆ ಬರಲಿಲ್ಲ.

ಎರಡು ವರ್ಷ ಆದ ಮೇಲೆ ಅವರ ಹೆಂಡತಿ ಸಿಕ್ಕಿದರು. ಗಂಡ ಈಗ ಹುಷಾರಾಗಿದ್ದಾರೆ, ಬೇರೆ ಕಡೆ ತೋರಿಸಿದೆವು ಅಂದರು. ಮನಸ್ಸು ಹಗುರಾಯಿತು. ಯಾಕೆ ಮತ್ತೆ ಬರಲಿಲ್ಲ ಅಂತ ಕೇಳಿದೆ. "ಆಯಮ್ಮ ಒಳ್ಳೇವರೇ, ಆದ್ರೆ ನಾನು ಹೇಳೋಕೆ ಮುಂಚೆನೇ ಸರಿ ಹೋಗುತ್ತೆ ಅಂದ್ಬಿಟ್ರು, ಇನ್ನೇನು ಹೇಳ್ಲಿ ಅಂದ್ರು" ಅಂತ ಆಕೆ ಹೇಳಿದರು. ಆ ಮಾತು ಇವತ್ತಿಗೂ ನನ್ನ ಜೊತೆ ಇದೆ.

‘ಧೈರ್ಯ ತಗೊಳ್ಳಿ’ ಅನ್ನುವುದು ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ ನಾವೆಲ್ಲ ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಅವತ್ತು ನಾನು ಅದನ್ನು ಹೇಳಿದ್ದು ನನ್ನ ತಳಮಳ ತಡೆಯಲಾರದೆ. ಅವರ ಸಂಕಟವನ್ನು ಇನ್ನೊಂದು ನಿಮಿಷ ಕೇಳಿಸಿಕೊಳ್ಳುವುದು ನನಗೇ ಕಷ್ಟವಾಗಿತ್ತು.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಯಾರಾದರೂ ‘ಅಷ್ಟೇ’ ಅಂದ ಕೂಡಲೇ ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸುತ್ತೇನೆ, ನಿಧಾನಕ್ಕೆ. ದಿಟ್ಟಿಸಿ ನೋಡುವುದಿಲ್ಲ. ನಮ್ಮ ಕಡೆ ಹಾಗೆ ನೋಡಿದರೆ ಗಂಡಸರೂ ಮುದುರಿಕೊಳ್ಳುತ್ತಾರೆ. ಕುರ್ಚಿಯನ್ನು ಎದುರಿಗೆ ಹಾಕದೆ ಸ್ವಲ್ಪ ಓರೆಯಾಗಿ ಹಾಕಿಕೊಳ್ಳುತ್ತೇನೆ. ಆರಕ್ಕೋ ಏಳಕ್ಕೋ ಒಂದು ಉಸಿರು ಕೇಳಿಸುತ್ತದೆ. ಆಮೇಲೆ ಮಾತು ಬರುತ್ತದೆ. "ನಿದ್ದೆ ಬರಲ್ಲ ಅಂದ್ರೆ... ಮಗ ಬೆಂಗಳೂರಿಗೆ ಹೋದಾಗಿಂದ ಮೇಡಂ." ಹತ್ತು ಎಣಿಸಿದರೂ ಬರದಿದ್ದರೆ ಒತ್ತಾಯ ಮಾಡುವುದಿಲ್ಲ. ಮುಂದಿನ ಸಲ ಬರಬಹುದು.

ಇನ್ನೊಂದು, ಅವರ ಮಾತನ್ನು ನನ್ನ ಮಾತಿಗೆ ಬದಲಿಸುವುದಿಲ್ಲ. ಖಿನ್ನತೆ, ಆತಂಕ ಅನ್ನುವ ಪದಗಳನ್ನು ಹಳ್ಳಿಯಲ್ಲಿ ಯಾರೂ ಆಡುವುದನ್ನು ನಾನು ಕೇಳಿಲ್ಲ. ಎದೆ ಭಾರ, ಸಂಕಟ, ಯೋಚನೆ ಜಾಸ್ತಿ, ಯಾವುದಕ್ಕೂ ಮನಸ್ಸಿಲ್ಲ ಅನ್ನುತ್ತಾರೆ. ‘ಯೋಚನೆ’ ಅಂದರೆ ಅವರಿಗೆ ಬರೀ ಆಲೋಚನೆ ಅಲ್ಲ, ಕೊರಗು. ಆ ಆಲೂಗಡ್ಡೆ ಬೆಳೆಗಾರರು ಈಗ ಬಂದಿದ್ದರೆ, "ಎದೆ ಮೇಲೆ ಕೂತ ಹಾಗೆ ಅಂದ್ರಿ ಅಲ್ವಾ, ಯಾವ ಹೊತ್ತಲ್ಲಿ ಜಾಸ್ತಿ?" ಅಂತ ಕೇಳುತ್ತಿದ್ದೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುತ್ತೆ, ಆಗ ಜಾಸ್ತಿ ಅಂದರೆ, ವೈದ್ಯರಿಗೆ ಬೇಕಾದ ಒಂದು ಮುಖ್ಯ ಸುಳಿವು ಅದರಲ್ಲೇ ಸಿಗುತ್ತದೆ. ಖಿನ್ನತೆ ಇರುವವರಿಗೆ ಹಾಗೆ ಬೇಗ ಎಚ್ಚರವಾಗುವುದು, ಬೆಳಗ್ಗೆ ಹೊತ್ತು ಭಾರ ಹೆಚ್ಚಿರುವುದು ಉಂಟು.

ಪದದ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಬೇಕು. ‘ಔಷಧಿ’ ಅನ್ನುವ ಪದವನ್ನು ನಾನು ರೈತರ ಮನೆಯಲ್ಲಿ ಬಳಸುವುದು ಬಿಟ್ಟಿದ್ದೇನೆ. ಅಲ್ಲಿ ಔಷಧಿ ಅಂದರೆ ಬೆಳೆಗೆ ಹೊಡೆಯುವುದು. ‘ಔಷಧಿ ಕುಡಿದ’ ಅಂದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಒಮ್ಮೆ ಒಬ್ಬ ತಾಯಿಗೆ, "ಮಗಳು ಔಷಧಿ ತಗೊಂಡ್ಲಾ?" ಅಂತ ಫೋನಿನಲ್ಲಿ ಕೇಳಿ ಅವರ ಜೀವ ಹೋದ ಹಾಗೆ ಮಾಡಿದ್ದೆ. ಈಗ ಮಾತ್ರೆ ಅನ್ನುತ್ತೇನೆ.

ಜೊತೆಗೆ ಬಂದವರು ಎಲ್ಲದಕ್ಕೂ ತಾವೇ ಉತ್ತರ ಕೊಡುವುದು ದೊಡ್ಡ ತೊಡಕು. ಸೊಸೆಯನ್ನು ಕೇಳಿದರೆ ಅತ್ತೆ ಹೇಳುತ್ತಾರೆ. ಅಜ್ಜನನ್ನು ಕೇಳಿದರೆ ಮಗ ಹೇಳುತ್ತಾನೆ. ಅವರನ್ನು ಹೊರಗೆ ಹೋಗಿ ಅನ್ನಬಾರದು, ಅವಮಾನ ಆಗುತ್ತದೆ, ಆ ಸಿಟ್ಟು ಮನೆಯಲ್ಲಿ ಸೊಸೆಯ ಮೇಲೆ ಹೋಗುತ್ತದೆ. "ಅಮ್ಮ, ನಿಮ್ಮ ಹತ್ರಾನೂ ಕೇಳೋದಿದೆ, ನಿಮ್ಮದು ಬೇರೆನೇ ಕೂತು ಕೇಳ್ತೀನಿ, ಮೊದಲು ಇವರದು ಮುಗಿಸಿಬಿಡ್ಲಾ?" ಅನ್ನುತ್ತೇನೆ. ಹಾಗಂದ ಮೇಲೆ ನಿಜವಾಗಿಯೂ ಅವರ ಜೊತೆ ಕೂರಬೇಕು. ಎಷ್ಟೋ ಸಲ ಅತ್ತೆಗೂ ಹೇಳಿಕೊಳ್ಳುವುದು ಬೇಕಾದಷ್ಟು ಇರುತ್ತದೆ.

ತೋಟದಲ್ಲಿ ಕೂಲಿ ಮಾಡುವವರ ಲೈನ್ ಮನೆಗಳಿಗೆ ಹೋಗುವಾಗ ಹೊತ್ತು ನೋಡಿಕೊಳ್ಳಬೇಕು. ಕೊಯ್ಲಿನ ಕಾಲದಲ್ಲಿ ಹಗಲು ಯಾರೂ ಸಿಗುವುದಿಲ್ಲ. ಸಂಜೆ ಮಾಡಿದರೆ ಆನೆ ಭಯ, ಬೇಗ ಹೊರಡಬೇಕು. ಹೀಗಾಗಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗುತ್ತೇನೆ. ಯಾವಾಗಲೂ ‘ನೀವು’ ಅಂತಲೇ ಮಾತಾಡಿಸುತ್ತೇನೆ. ದಿನವಿಡೀ ಏಕವಚನ ಕೇಳಿದವರಿಗೆ ಆ ಒಂದು ಪದ ಎಷ್ಟು ದೊಡ್ಡದು ಅನ್ನುವುದು ಅವರ ಮುಖದಲ್ಲೇ ಕಾಣುತ್ತದೆ.

ಈಗ ನಾನು ಬಹಳ ಎಚ್ಚರಿಕೆಯಿಂದ ಹೇಳಬೇಕಾದ ವಿಷಯ. ನಮ್ಮಲ್ಲಿ ಹೊರಡುವಾಗ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ‘ಬರ್ತೀನಿ’ ಅನ್ನುತ್ತಾರೆ. ಬಾಳ್ಳುಪೇಟೆ ಕಡೆಯ ಒಬ್ಬ ಹೆಣ್ಣುಮಗಳು ಮೂರನೇ ಸಲ ಬಂದಿದ್ದಳು. ಅವತ್ತು ಯಾವತ್ತಿಗಿಂತ ಸಮಾಧಾನವಾಗಿದ್ದಳು. ಸುಧಾರಿಸಿದ್ದಾಳೆ ಅಂದುಕೊಂಡೆ. ಎದ್ದು ಬಾಗಿಲ ಹತ್ತಿರ ಹೋಗಿ, "ಹೋಗ್ತೀನಿ ಮೇಡಂ" ಅಂದಳು. ಬಾಯಿ ತಪ್ಪಿ ಬಂದಿರಬಹುದು. ಆದರೂ ನನಗೆ ಬಿಟ್ಟುಬಿಡಲು ಆಗಲಿಲ್ಲ. ವಾಪಸ್ ಕರೆದು ಕೂರಿಸಿ ನೇರವಾಗಿ ಕೇಳಿದೆ. "ಬದುಕು ಸಾಕು ಅನ್ನಿಸ್ತಿದೆಯಾ? ಜೀವ ಕಳ್ಕೊಳ್ಳೋ ಯೋಚನೆ ಬಂದಿದೆಯಾ?"

"ಹ್ಞೂಂ" ಅಂದಳು.

ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಇದರ ಬಗ್ಗೆ ಅಧ್ಯಯನಗಳೇ ಆಗಿವೆ. ಕೇಳಿದಾಗ ಒಳಗಿನ ಭಾರ ಇಳಿಸಲು ಒಂದು ಜಾಗ ಸಿಗುತ್ತದೆ. ನಾನು ಗಾಬರಿಯಾಗಲಿಲ್ಲ, ಬುದ್ಧಿ ಹೇಳಲಿಲ್ಲ, ‘ಮಕ್ಕಳ ಮುಖ ನೋಡು’ ಅನ್ನಲಿಲ್ಲ. ಹೇಳಿದ್ದು ಒಳ್ಳೆಯದಾಯಿತು ಅಂದೆ. ಒಬ್ಬಳನ್ನೇ ಕಳಿಸಲಿಲ್ಲ. ಯಾರನ್ನು ಕರೆಯಲಿ ಅಂತ ಕೇಳಿದ್ದಕ್ಕೆ ಅಣ್ಣ ಅಂದಳು. ಅವರು ಬಂದರು. ಮನೆಯಲ್ಲಿದ್ದ ಬೆಳೆ ಔಷಧಿಯನ್ನೆಲ್ಲ ತೆಗೆದು ತಮ್ಮ ಮನೆಯಲ್ಲಿ ಬೀಗ ಹಾಕಿಡಲು ಒಪ್ಪಿದರು. ಅವತ್ತೇ ಮನೋವೈದ್ಯರಿಗೆ ತೋರಿಸಿದೆವು. ಇಬ್ಬರ ಫೋನಿನಲ್ಲೂ 14416 ಸೇರಿಸಿಕೊಟ್ಟೆ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ.

ಅವತ್ತು ಮನೆಗೆ ಬಂದು ನನಗೆ ಊಟ ಸೇರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ ಒಂದು ವಿಷಯವನ್ನು ನಮಗೆ ತರಬೇತಿಯಲ್ಲಿ ಕಲಿಸುತ್ತಾರೆ. ಎದುರಿಗಿರುವವರ ನೋವನ್ನು ನಮ್ಮದೇ ಅನ್ನುವ ಹಾಗೆ ತಿಳಿದುಕೊಳ್ಳಬೇಕು, ಆದರೆ ಆ ‘ಅನ್ನುವ ಹಾಗೆ’ ಕೈತಪ್ಪಬಾರದು. ನನಗೆ ಅದು ಆಗಾಗ ಕೈತಪ್ಪುತ್ತದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ನನಗಿಂತ ಹಿರಿಯ ಸಮಾಲೋಚಕರ ಹತ್ತಿರ ಹೋಗಿ ಕೂರುತ್ತೇನೆ. ಯಾರ ಹೆಸರೂ ಹೇಳದೆ, ನನಗೆ ಏನಾಯಿತು ಅನ್ನುವುದನ್ನು ಹೇಳಿಕೊಳ್ಳುತ್ತೇನೆ. ನಾನು ‘ಅಷ್ಟೇ’ ಅಂದ ಮೇಲೆ ಅವರೂ ಕಾಯುತ್ತಾರೆ. ಈ ಕೆಲಸ ಮಾಡುವವರು ಹೀಗೆ ಒಬ್ಬರನ್ನು ಇಟ್ಟುಕೊಳ್ಳದೆ ಮುಂದುವರಿಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಗುಟ್ಟಿನ ವಿಷಯ ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಗೆ ಬಂದವರಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಆದರೆ ನಮ್ಮಂಥ ಊರಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲ ದಿನವೇ ಎರಡು ಮಾತು ಹೇಳಿಬಿಡುತ್ತೇನೆ. ನಿಮ್ಮ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಇನ್ನೊಬ್ಬರಿಗೆ ತಿಳಿಸುತ್ತೇನೆ, ಅದೂ ಆದಷ್ಟು ನಿಮಗೆ ಹೇಳಿಯೇ. ಮತ್ತೆ, ಬಸ್ ಸ್ಟ್ಯಾಂಡಿನಲ್ಲಿ, ಮದುವೆಯಲ್ಲಿ ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ, ತಪ್ಪು ತಿಳಿಯಬೇಡಿ. ನೀವು ಮಾತಾಡಿಸಿದರೆ ಮಾತಾಡುತ್ತೇನೆ.

ಹೋದ ಮಳೆಗಾಲ ಸಕಲೇಶಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಾಳ್ಳುಪೇಟೆಯಲ್ಲಿ ಅದೇ ಹೆಣ್ಣುಮಗಳು ಹತ್ತಿದಳು. ನಾನು ಕಿಟಕಿ ಕಡೆ ತಿರುಗಿಕೊಂಡೆ. ಹಿಂದೆ ಖಾಲಿ ಸೀಟುಗಳಿದ್ದವು. ಅವಳು ಬಂದು ನನ್ನ ಪಕ್ಕದಲ್ಲೇ ಕೂತು, ಒದ್ದೆ ಕೊಡೆ ಕಾಲಿನ ಹತ್ತಿರ ಇಟ್ಟಳು. ಹಾಸನದವರೆಗೂ ಮಳೆ, ಮೆಣಸಿನ ರೇಟು, ಮಗಳ ಪಿಯುಸಿ ಅಂತ ಮಾತಾಡಿದಳು. ನಾನಾಗಿ ಏನನ್ನೂ ಕೇಳಲಿಲ್ಲ.